ನೂರನೆಯ ಕೊಂಡಿ

“ಕೆಳಗ ನೋಡು!” ಅಂದ ನಾಗಲಿಂಗ.

ನೋಡಿದೆ.

ನೋಡದೆ ಗತಿ ಇರಲಿಲ್ಲ... ನನ್ನ ಶರ್ಟಿನ ಕಾಲರ್ ಅವನ ಮುಷ್ಟಿಯಲ್ಲಿತ್ತು. ಬಲಗಾಲು ಬಂಡೆಯ ಅಂಚಿನ ಮೇಲಿತ್ತು. ಎಡಗಾಲಿನ ಕೆಳಗೆ ಏನೂ ಇರಲಿಲ್ಲ!

ಇಳಕಲ್ ಊರಾಚೆಯ ಗ್ರಾನೈಟ್ ಕ್ವಾರಿ ಅದು. ಎಂಬತ್ತು ಅಡಿ ಆಳ. ತಳದಲ್ಲಿ ಪಾಚಿಗಟ್ಟಿದ ನೀರು. ಐದು ನಿಮಿಷದ ಹಿಂದೆ ನನ್ನ ಕೈಯಲ್ಲಿದ್ದ ಒಂದು ನೋಟ್‌ಬುಕ್ಕನ್ನು ನಾಗಲಿಂಗ ಕಸಿದು ಆ ನೀರಿಗೆ ಎಸೆದಿದ್ದ. ಅದು ಇನ್ನೂ ಅರ್ಧ ತೇಲುತ್ತಿತ್ತು.

“ಹುಡುಗಿ ಎಲ್ಲಿ ಅದಾಳ? ಹೇಳಿದ್ರ ಈ ಕಡೆ ಎಳಕೊಂತೇನಿ. ಇಲ್ಲಾಂದ್ರ ಕೈ ಬಿಡ್ತೇನಿ.”

“ಹಳೇ ಅಂಗಿ ಐತಿ,” ಅಂದೆ. “ನೀ ಕೈ ಬಿಡೂದರಾಗ ಅದ ಹರೀತೈತಿ. ಆಮ್ಯಾಲ ಯಾರನ್ನ ಕೇಳ್ತಿ?”

ಅವನು ಯೋಚಿಸಿದ. ಹಿಂದೆ ನಿಂತಿದ್ದ ಅವನ ಡ್ರೈವರೂ ಯೋಚಿಸಿದ. ಇಬ್ಬರಿಗೂ ಆ ಕೆಲಸ ರೂಢಿ ಇರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಹೆದರಿಕೆ ಆಗಲಿಲ್ಲವೇ ಅಂತ ಕೇಳುತ್ತೀರಾ? ಆಗಿತ್ತು. ಆದರೆ ಅದನ್ನು ನಾಗಲಿಂಗನಿಗೆ ಯಾಕೆ ಹೇಳಬೇಕು?

ನಾನು ನೀಲಾಬಾಯಿ. ವಯಸ್ಸು ನಲವತ್ತಾರು. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ನನ್ನ ಆಫೀಸು. ಮದುವೆಗೆ ಮುಂಚಿನ ವಿಚಾರಣೆ ಮಾಡುತ್ತೇನೆ. ಹುಡುಗ ಕುಡಿಯುತ್ತಾನಾ, ಹುಡುಗಿಗೆ ಹಿಂದೆ ಏನಾದರೂ ಇತ್ತಾ... ಇಂಥದ್ದೇ. ಓಡಿಹೋದವರನ್ನೂ ಹುಡುಕಿಕೊಡುತ್ತೇನೆ.

ಆಗ ಸೈರನ್ ಕೂಗಿತು!

ಉದ್ದನೆಯ ಸೈರನ್. ಬಂಡೆಯಿಂದ ಬಂಡೆಗೆ ಬಡಿದು ಎರಡೆರಡು ಸಲ ಕೇಳಿಸಿತು.

ನಾಗಲಿಂಗ ಬಾದಾಮಿಯವನು. ಅಲ್ಲಿನ ಲಾಡ್ಜುಗಳ ಮುಂದೆ ನಿಂತು ಗಿರಾಕಿಗಳನ್ನು ಹೆದರಿಸುವುದು ಅವನ ಕಸುಬು. ಕ್ವಾರಿ ಅವನಿಗೆ ಹೊಸದು.

“ಏನಲೇ ಅದು?”

“ಬ್ಲಾಸ್ಟಿಂಗ್!” ಅಂತ ಚೀರಿದೆ. “ಮದ್ದು ಹಚ್ಚ್ಯಾರ! ಒಂದ ನಿಮಿಷ ಐತಿ! ಓಡ್ರೋ!”

ಡ್ರೈವರ್ ಮೊದಲು ಓಡಿದ. ನಾಗಲಿಂಗ ಹಿಂದಕ್ಕೆ ಹಾರಿದ... ನನ್ನ ಕಾಲರ್ ಬಿಡದೆ ಹಾರಿದ. ಅದೇ ನನಗೆ ಬೇಕಿದ್ದದ್ದು. ಎರಡೂ ಕಾಲು ನೆಲ ಮುಟ್ಟಿದವು. ಕೈಗೆ ಸಿಕ್ಕ ಕಲ್ಲುಚಕ್ಕೆಯಿಂದ ಅವನ ಗೆಣ್ಣಿಗೆ ಬಲವಾಗಿ ಕೊಟ್ಟೆ. ಅವ್ವಾ ಅಂದ. ಕಾಲರ್ ಬಿಟ್ಟ. ಕೈ ಜಾಡಿಸುತ್ತಾ ಡ್ರೈವರ್ ಹಿಂದೆ ಓಡಿದ.

ಅದು ಊಟದ ಸೈರನ್.

ಕ್ವಾರಿಯ ಕೆಲಸಗಾರರು ಬುತ್ತಿ ಬಿಚ್ಚುತ್ತಾ ಆ ಇಬ್ಬರ ಓಟ ನೋಡಿ ನಗುತ್ತಿದ್ದರು. ನಾನು ಇನ್ನೊಂದು ದಾರಿಯಿಂದ ಹೈವೇಗೆ ಇಳಿದು, ಕಲ್ಲು ತುಂಬಿದ ಲಾರಿಗೆ ಕೈ ಮಾಡಿದೆ.

“ಹುನಗುಂದ,” ಅಂದೆ. “ಜಲ್ದಿ!”

ಲಾರಿಗೆ ಜಲ್ದಿ ಅನ್ನುವುದು ಗೊತ್ತಿರಲಿಲ್ಲ. ಹುನಗುಂದ ಮುಟ್ಟುವುದರೊಳಗೆ ನಿಮಗೆ ಹಿಂದಿನ ದಿನದ ಕತೆ ಹೇಳಿಬಿಡುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ. ದೊಡ್ಡ ತಪ್ಪು!

ಹಿಂದಿನ ಬೆಳಿಗ್ಗೆ ಅನಿಲಕುಮಾರ ನನ್ನ ಆಫೀಸಿಗೆ ಬಂದಿದ್ದ. ಬಿಳಿ ಶೂ, ಕೈಯಲ್ಲಿ ಎರಡು ಫೋನು. ಮಗ್ಗಗಳಿಗೆ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಕಂಪನಿ ಅವನದು.

“ನಮ್ಮ ಆಫೀಸಿನ ಹುಡುಗಿ ಒಬ್ಬಾಕಿ, ಅನುರಾಧಾ ಅಂತ. ಮಷೀನಿನ ಬೋರ್ಡ್ ಎತಗೊಂಡು ಓಡಿಹೋಗ್ಯಾಳ್ರಿ. ಯಾವನೋ ಹುಡುಗನ ಜೊತಿ. ನಾಳೆ ಮಧ್ಯಾಹ್ನ ಇಲ್ಲೇ ವಿದ್ಯಾಗಿರಿಯೊಳಗ ನಮ್ಮ ಡೆಮೊ ಐತಿ. ಅದರೊಳಗ ಬೋರ್ಡ್ ಬೇಕು.”

“ಹುಡುಗನ ಹೆಸರೇನು?”

“ಗೊತ್ತಿಲ್ಲ.”

ಅಲ್ಲೇ ನನ್ನ ಕಿವಿ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಹುಡುಗಿ ಮನೆ ಬಿಟ್ಟಳು ಅಂದರೆ ಹುಡುಗ ಇರಲೇಬೇಕು ಅಂತ ನಾನೂ ನಂಬಿಬಿಟ್ಟಿದ್ದೆ. ಇಪ್ಪತ್ತು ವರ್ಷ ಇದೇ ಕಸುಬು ಮಾಡಿದರೆ ಬುದ್ಧಿಗೆ ತುಕ್ಕು ಹಿಡಿಯುತ್ತದೆ.

ಸಂಜೆ ಐದಕ್ಕೆ ಹುಡುಗಿಯನ್ನು ಹುಡುಕಿದೆ. ಹುನಗುಂದದಲ್ಲಿ, ಸೋದರತ್ತೆಯ ಹಿಟ್ಟಿನ ಗಿರಣಿಯ ಹಿಂದಿನ ಕೋಣೆ. ಅನಿಲಕುಮಾರನಿಗೆ ವಿಳಾಸ ಕಳಿಸಿದೆ. ಆಮೇಲೆ ಬಾಗಿಲು ತಳ್ಳಿದೆ.

ಹುಡುಗ ಇರಲಿಲ್ಲ.

ಬೆಸುಗೆ ಹೊಗೆ ಇತ್ತು. ಪುಟ್ಟ ಕ್ಯಾಮೆರಾ ಇತ್ತು. ಅಂಗೈಯಗಲದ ಹಸಿರು ಬೋರ್ಡ್ ಇತ್ತು. ಅದರ ಮೇಲೆ ಬಗ್ಗಿದ ಇಪ್ಪತ್ತಾರರ ಹುಡುಗಿ ತಲೆ ಕೂಡ ಎತ್ತಲಿಲ್ಲ.

“ಒಂದ ನಿಮಿಷ ತಡೀರಿ ಅಕ್ಕಾರ. ಈಗ ಕೈ ಅಲುಗಿದ್ರ ಬೆಸುಗಿ ಕೆಡ್ತೈತಿ.”

ತಡೆದೆ. ಆಮೇಲೆ ಅವಳು ಹೇಳಿದ್ದನ್ನು ಕೇಳಿದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಬೇಕು. ಅದಕ್ಕೆ ಕೊಂಡಿ ಅನ್ನುತ್ತಾರೆ. ಸಾವಿರಾರು ಎಳೆ, ಸಾವಿರಾರು ಕೊಂಡಿ. ಮಗ್ಗದ ಮೇಲೆ ಕೂರುವವರು ಹೆಚ್ಚಾಗಿ ಗಂಡಸರು, ಫೋಟೋದಲ್ಲಿ ಬರುವವರೂ ಅವರೇ. ಅನುರಾಧಾಳ ಓಣಿಯಲ್ಲಿ ಕೊಂಡಿ ಹಾಕುವವರು ಒಳಗೆ ಗೋಡೆಗೆ ಆತು ಕೂತ ಹೆಂಗಸರು. ಅವಳ ತಾಯಿ ಮುತ್ತವ್ವ ಮೂವತ್ತೈದು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ಈಗ ಕಣ್ಣು ಮಂಜು. ಒಂದು ಕೊಂಡಿ ಸಡಿಲಾದರೂ ವಾರದ ನೇಯ್ಗೆ ಹಾಳು.

ಹಾಗಾಗಿ ಮಗಳು ಯಂತ್ರದ ಕಣ್ಣೊಂದನ್ನು ಮಾಡಿದಳು. ಹಾಸಿನ ಮೇಲೆ ಓಡುವ ಕ್ಯಾಮೆರಾ, ಪ್ರತಿ ಕೊಂಡಿಯನ್ನೂ ನೋಡುತ್ತದೆ. ಸಡಿಲಾದದ್ದು ಕಂಡರೆ ನಿಂತು ಕೂಗುತ್ತದೆ.

“ಮೂರು ವರ್ಷ ದುಡದೇನ್ರಿ. ಮೊನ್ನೆ ಪೇಟೆಂಟ್ ಅರ್ಜಿ ಕಣ್ಣಿಗೆ ಬಿತ್ತು. ಸಂಶೋಧಕರು ಐದು ಮಂದಿ. ಐದೂ ಗಂಡಸರು. ನನ್ನ ಹೆಸರು ಕಡೀ ಪುಟದಾಗ ಇತ್ರಿ... ಆಫೀಸ್ ಸಹಾಯಕಿ ಅಂತ!”

“ಅನಿಲಕುಮಾರನ್ನ ಕೇಳಲಿಲ್ಲೇನು?”

“ಕೇಳಿದೆ. ‘ಇನ್ನೊಂದು ವರ್ಷಕ್ಕ ಲಗ್ನ ಆಗಿ ಹೋಗಾಕಿ, ನಿನಗ ಪೇಟೆಂಟ್ ತಗೊಂಡು ಏನಾಗೂದೈತಿ’ ಅಂದ್ರು. ನಾ ಮಾಡಿದ ಬೋರ್ಡ್ ನಾ ಎತಗೊಂಡು ಬಂದೆ.”

ಕಿವಿ ಬಿಸಿಯಾಯಿತು ನನಗೆ. ಯಾಕೆ ಗೊತ್ತಾ? ನಾನೂ ಮೊದಲು ಪೊಲೀಸ್ ಇಲಾಖೆಯಲ್ಲಿದ್ದೆ. ವೈರ್‌ಲೆಸ್ ಪರೀಕ್ಷೆಯಲ್ಲಿ ಮೊದಲ ನಂಬರ್ ನನ್ನದು. ಟವರ್ ಹತ್ತುವುದು ಹೆಂಗಸರ ಕೆಲಸವಲ್ಲ ಅಂದರು. ನನಗಿಂತ ಇಪ್ಪತ್ತು ಮಾರ್ಕ್ಸ್ ಕಡಿಮೆ ತೆಗೆದವನು ಟವರ್ ಹತ್ತಿದ. ನನ್ನನ್ನು ಜಾತ್ರೆಗಳಲ್ಲಿ ಹೆಂಗಸರ ಸಾಲು ನೆಟ್ಟಗೆ ಮಾಡಲು ಹಾಕಿದರು. ಆರು ವರ್ಷ ಸಾಲು ನೆಟ್ಟಗೆ ಮಾಡಿ ರಾಜೀನಾಮೆ ಬರೆದೆ. ಆ ಸಿಟ್ಟು ಈಗಲೂ ಆರಿಲ್ಲ.

ಫೋನು ನೋಡಿದೆ. ವಿಳಾಸ ಕಳಿಸಿ ಹನ್ನೊಂದು ನಿಮಿಷ!

“ಏಳವಾ,” ಅಂದೆ. “ಬೋರ್ಡ್ ತಗೋ. ಹಿಂದಿನ ಬಾಗಿಲು ಎಲ್ಲೈತಿ?”

“ಯಾಕ್ರಿ?”

“ನಿನ್ನ ಹಿಡಿಯಾಕ ಮಂದಿ ಬರಾಕತ್ತಾರ. ಕಳಿಸಿದಾಕಿ ನಾನಽ.”

ಅವಳು ನನ್ನನ್ನು ನೋಡಿದ ನೋಟ ಈಗಲೂ ಚುಚ್ಚುತ್ತದೆ. ಆದರೆ ಬಂದಳು. ಬೇರೆ ದಾರಿ ಇರಲಿಲ್ಲ ಪಾಪ.

ಹುನಗುಂದದ ಬಸ್ ನಿಲ್ದಾಣದ ಹಿಂದೆ ಆಫ್ರೀನಳ ಗ್ಯಾರೇಜು. ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗಿ. ಯಾವ ಫ್ಯಾಕ್ಟರಿಯೂ ಶಾಪ್ ಫ್ಲೋರಿಗೆ ಸೇರಿಸಲಿಲ್ಲ, ಸ್ಟೋರ್ ರೂಮಿನಲ್ಲಿ ಕೂರು ಅಂದರು. ಕೂರಲಿಲ್ಲ. ತನ್ನದೇ ಗ್ಯಾರೇಜು ತೆರೆದಳು. ಅನುರಾಧಾಳನ್ನು ಅವಳ ಕೈಗೊಪ್ಪಿಸಿದೆ.

ಬೆಳಿಗ್ಗೆ ಇಳಕಲ್‌ಗೆ ಹೋದದ್ದು ಅನುರಾಧಾಳ ನೋಟ್‌ಬುಕ್ಕಿಗಾಗಿ. ಮೂರು ವರ್ಷದ ಚಿತ್ರ, ಲೆಕ್ಕ, ತಾರೀಖು ಎಲ್ಲ ಅದರಲ್ಲಿತ್ತು. ಮಷೀನು ಅವಳದೇ ಅನ್ನಲು ಇದ್ದದ್ದು ಅದೊಂದೇ ದಾಖಲೆ. ಅವಳ ಮನೆಗೆ ಬೀಗ, ತಾಯಿ ಕೂಲಿಗೆ ಹೋಗಿದ್ದಳು. ಅನುರಾಧಾ ಕೊಟ್ಟ ಕೀಲಿಯಿಂದ ತೆಗೆದು, ನೋಟ್‌ಬುಕ್ ಎತ್ತಿಕೊಂಡು ಹೊರಬಂದೆ. ಅನಿಲಕುಮಾರ ಕಳಿಸಿದ್ದ ನಾಗಲಿಂಗ ಜಗುಲಿಯ ಮೇಲೆ ಕೂತಿದ್ದ...

ಉಳಿದದ್ದು ನಿಮಗೆ ಗೊತ್ತು.

ಗ್ಯಾರೇಜು ಮುಟ್ಟಿದಾಗ ಒಂದೂವರೆ. ಅನುರಾಧಾ ಓಡಿಬಂದಳು.

“ಸಿಕ್ತೇನ್ರಿ?”

“ಸಿಕ್ಕಿತ್ತು. ಕ್ವಾರಿ ನೀರಾಗ ಹೋತು.”

ಅವಳು ಟೈರಿನ ಮೇಲೆ ಕೂತಳು. ಕಣ್ಣು ತುಂಬಿತು. ಮುಂಗೈಯಿಂದ ಒರೆಸಿಕೊಂಡಳು. ಏನಾದರೂ ಬೈಯಲಿ ಅಂತ ಕಾದೆ. ಬೈದಿದ್ದರೆ ನನಗೆ ಹಗುರ ಆಗುತ್ತಿತ್ತು.

ನನ್ನ ಫೋನು ಬಡಿದುಕೊಂಡಿತು. ಅನಿಲಕುಮಾರ!

“ನೀಲಾಬಾಯಾರ, ನೀವು ಯಾರ ಕಡೆ?”

“ಈಗ ಅಕೀ ಕಡೆ.”

“ಬೋರ್ಡ್ ಕೊಟ್ರ ಎಲ್ಲಾ ಮರೀತೇನಿ. ಇಲ್ಲಾಂದ್ರ ಕಳ್ಳತನದ ಕೇಸ್. ಅಕಿ ಮ್ಯಾಲೂ, ನಿಮ್ಮ ಮ್ಯಾಲೂ! ಆಮ್ಯಾಲ ಆ ಹುಡುಗಿಗೆ ನೌಕರಿ ಯಾವನು ಕೊಡ್ತಾನ ನೋಡೂಣು. ಡೆಮೊ ನೋಡಿ ನಾಲ್ಕರೊಳಗ ಸಮಿತಿಯವರು ಪೇಟೆಂಟ್ ಅರ್ಜಿಗೆ ಸಹಿ ಹಾಕ್ತಾರ. ಸಹಿ ಬಿತ್ತಂದ್ರ ಮುಗೀತು. ಅದು ನಮ್ಮದು.”

ಫೋನು ಸ್ಪೀಕರಿನಲ್ಲಿತ್ತು. ಅನುರಾಧಾ ಎದ್ದು ನಿಂತಳು.

“ಈಗ ಎಷ್ಟು ಗಂಟೆ?”

“ಒಂದು ನಲವತ್ತು.”

“ನಡೀರಿ. ಕಾಗದ ಇಲ್ಲದಿದ್ರ ಮಷೀನ ಹೇಳ್ಲಿ.”

ಆಫ್ರೀನಳ ಗೂಡ್ಸ್ ಗಾಡಿಯಲ್ಲಿ ಹೊರಟೆವು. ಮುಂದೆ ಮೂವರು, ಹಿಂದೆ ಖಾಲಿ. ಹುನಗುಂದ ದಾಟಿದ್ದೇ ತಡ, ದಾರಿ ಕಾಯುತ್ತಿದ್ದ ಕರಿಯ ಜೀಪು ಕನ್ನಡಿಯಲ್ಲಿ ಕಾಣಿಸಿತು. ಸ್ಟೀರಿಂಗ್ ಹಿಂದೆ ಡ್ರೈವರ್. ಪಕ್ಕದಲ್ಲಿ ಕೈಗೆ ಟವೆಲ್ ಸುತ್ತಿಕೊಂಡ ನಾಗಲಿಂಗ.

“ಬಂದ್ರು!”

“ಬರ್ಲಿ ಬಿಡ್ರಿ,” ಅಂದಳು ಆಫ್ರೀನ. ಗೇರು ಬದಲಿಸಿದಳು.

ಅಮೀನಗಡದ ಪೇಟೆಯಲ್ಲಿ ಎರಡು ಬಸ್ಸುಗಳ ಸಂದಿಯಲ್ಲಿ ನುಗ್ಗಿದಳು. ಕರದಂಟಿನ ಅಂಗಡಿಯ ಗಿರಾಕಿಗಳು ಕಟ್ಟೆ ಹತ್ತಿದರು. ಯಾರೋ ನಮ್ಮ ಮೂರು ತಲೆಮಾರನ್ನೂ ಬೈದರು. ಜೀಪು ಬಸ್ಸಿನ ಹಿಂದೆ ಸಿಕ್ಕಿಕೊಂಡಿತು. ಹಾರನ್... ಹಾರನ್... ಹಾರನ್!

ನಮಗೆ ಐದು ನಿಮಿಷ ಸಿಕ್ಕಿತು. ಆ ಐದು ನಿಮಿಷದಲ್ಲಿ ಕೇಳಬೇಕಾದ್ದನ್ನು ಕೇಳಿದೆ.

“ಅವರ ಹತ್ರ ಬೇರೆ ಬೋರ್ಡ್ ಇಲ್ಲೇನು?”

“ನಂದ ಹಳೇದು ಐತಿ. ಆದ್ರ ಅದು ನೂರಕ್ಕೊಮ್ಮೆ ನಿಲ್ತೈತಿ. ಐದೂ ಮಂದಿ ಕೂಡಿ ಮೂರು ದಿನ ತಲಿ ಕೆರಕೊಂಡ್ರಂತ. ಗೊತ್ತಾಗಿಲ್ಲ.”

“ಯಾಕ ನಿಲ್ತೈತಿ?”

ಮೊದಲ ಬಾರಿ ಅವಳು ನಕ್ಕಳು.

“ನಮ್ಮವ್ವ ನೂರನೇ ಕೊಂಡಿ ಜೋಡಿ ಹಾಕ್ತಾಳ್ರಿ. ಎರಡು ಕುಣಿಕಿ. ಒಲಿ ಮ್ಯಾಲ ಹಾಲು ಉಕ್ಕಿತು, ಕೂಸು ಅತ್ತಿತು ಅಂದ್ರ ನಡುವ ಏಳಬೇಕಲ್ಲ? ಬಂದು ಕುಂತ ಮ್ಯಾಲ ಲೆಕ್ಕ ತಪ್ಪಬಾರದಂತ ಆ ಗುರುತು. ನಮ್ಮ ಓಣಿ ಹೆಂಗಸ್ರು ಎಲ್ಲಾ ಹಂಗ ಮಾಡ್ತಾರ. ಹಳೇ ಬೋರ್ಡ್ ಅದನ್ನ ತಪ್ಪು ಅಂತ ತಿಳೀತೈತಿ. ಹೊಸಾದಕ್ಕ ನಾ ಕಲಿಸೇನಿ.”

“ಆ ಐದು ಮಂದಿಗೆ ಗೊತ್ತಿಲ್ಲೇನು?”

“ಅವರು ಮಗ್ಗದ ಮ್ಯಾಲ ಕುಂತಾವ್ರನ್ನ ಕೇಳ್ಯಾರ. ಕೊಂಡಿ ಹಾಕಾವ್ರನ್ನ ಯಾರೂ ಕೇಳಿಲ್ಲ. ಇವತ್ತು ಡೆಮೊಕ್ಕ ಕೊಂಡಿ ಹಾಕಾಕ ಕೂಲಿಗೆ ಬಂದಾಕಿ ನಮ್ಮವ್ವನಽ ಅದಾಳ.”

“ಏನು! ಅನಿಲಕುಮಾರಗ ಗೊತ್ತಿಲ್ಲೇನು, ನಿಮ್ಮವ್ವ ಅಂತ?”

“ಹೆಸರು ಕೇಳಿದ್ರ ಗೊತ್ತಾಗ್ತಿತ್ತು.”

ಆಫ್ರೀನ ಹೋ ಅಂತ ನಕ್ಕಳು. ನಾನು ನಗಲಿಲ್ಲ. ಬೇರೊಂದು ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು.

“ನಿನ್ನ ಇಂಜಿನಿಯರಿಂಗ್ ಕ್ಲಾಸಿನ್ಯಾಗ ಹುಡುಗ್ಯಾರು ಎಷ್ಟು ಮಂದಿ ಇದ್ರಿ?”

“ಅರವತ್ತರಾಗ ಮೂವತ್ತನಾಲ್ಕು.”

“ಈಗ ಕೆಲಸದಾಗ?”

“ನಾ ಒಬ್ಬಾಕಿ.”

“ಉಳದಾವ್ರು?”

“ಗೊತ್ತಿಲ್ರಿ ಅಕ್ಕಾರ...”

ಮೂವತ್ತಮೂರು ಹುಡುಗಿಯರು ನಾಪತ್ತೆ! ಒಂದೇ ಕ್ಲಾಸಿನಿಂದ. ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ, ಯಾರೂ ಹುಡುಕಿಲ್ಲ. ಇಷ್ಟು ದೊಡ್ಡ ಕೇಸನ್ನು ನನ್ನ ಆಫೀಸಿಗೆ ಯಾರೂ ತಂದಿಲ್ಲ.

“ನಮ್ಮ ಡಿಪ್ಲೊಮಾ ಕ್ಲಾಸಿನ್ಯಾಗ ನಾನ ಒಬ್ಬಾಕಿ ಇದ್ದೆ,” ಅಂದಳು ಆಫ್ರೀನ. “ಲೆಕ್ಕ ಭಾಳ ಸರಳ.”

ಢಣ್!

ಹಿಂದಿನಿಂದ ಜೀಪು ಗುದ್ದಿತು. ನನ್ನ ಹಣೆ ಗಾಜಿಗೆ ಬಡಿಯಿತು. ಕಮತಗಿ ದಾಟಿದ್ದೆವು, ರಸ್ತೆ ಬಯಲಾಗಿತ್ತು, ಅಡ್ಡ ಬರಲು ಬಸ್ಸೂ ಇರಲಿಲ್ಲ. ಎರಡನೇ ಗುದ್ದು ಬಿತ್ತು. ಗಾಡಿ ಓಲಾಡಿತು. ಅನುರಾಧಾ ಬೋರ್ಡನ್ನು ಎದೆಗವಚಿಕೊಂಡಳು.

“ಹಿಡಕೋರಿ!” ಅಂತ ಕೂಗಿ ಆಫ್ರೀನ ಎಡಕ್ಕೆ ತಿರುಗಿಸಿದಳು.

ರಸ್ತೆ ಬಿಟ್ಟಳು! ನೇರ ಹೊಲಕ್ಕೆ!

“ಎಲ್ಲಿ ಹೊಂಟೀ?”

“ಇದು ಎರಿ ಹೊಲ. ಮೊನ್ನೆ ಮಳಿ ಆಗೇತಿ. ಬದುವಿನ ಮ್ಯಾಲ ಕಲ್ಲು ಹಾಸ್ಯಾರ, ನಾ ಬಲ್ಲೆ. ಆ ಜೀಪು ಬಲ್ಲುದೇನು ನೋಡೂಣು!”

ನಮ್ಮ ಗಾಡಿ ಬದುವಿನ ಮೇಲೆ ಕುಣಿಯುತ್ತಾ ಓಡಿತು. ಎಡಚಕ್ರ ಕಲ್ಲಿನ ಮೇಲೆ, ಬಲಚಕ್ರ ಹುಲ್ಲಿನ ಮೇಲೆ. ಜೀಪು ನಮ್ಮನ್ನು ಅಡ್ಡಗಟ್ಟಲು ಹೊಲದ ನಡುವೆ ನುಗ್ಗಿತು. ಇಪ್ಪತ್ತು ಮಾರು ಬಂತು. ನಿಧಾನವಾಯಿತು. ಚಕ್ರ ಗರಗರ ತಿರುಗಿದವು. ಕರಿಮಣ್ಣು ಗಾಜಿನ ತನಕ ಹಾರಿತು. ಜೀಪು ಬಾಗಿಲಿನವರೆಗೆ ಹೂತುಹೋಯಿತು.

ನಾಗಲಿಂಗ ಕೆಳಗಿಳಿದ. ಮೊಣಕಾಲಿನ ತನಕ ಇಳಿದ. ಅಲ್ಲೇ ನಿಂತ.

ಹೊಲದ ಯಜಮಾನ ಬಾರುಕೋಲು ಹಿಡಿದು ಬರುತ್ತಿದ್ದ. ಮೆಣಸಿನ ಸಸಿ ಹಾಳು ಮಾಡಿದವರಿಗೆ ಅವನು ಏನು ಹೇಳಿದ ಅಂತ ಕೇಳಲು ನಮಗೆ ಪುರುಸೊತ್ತಿರಲಿಲ್ಲ. ಶಿರೂರು ದಾಟುವಾಗ ನನ್ನ ಹಳೆಯ ಠಾಣೆಗೆ ಫೋನು ಮಾಡಿದೆ. ಕ್ವಾರಿಯಲ್ಲಿ ನಡೆದದ್ದನ್ನೂ ಜೀಪು ಹೂತ ಹೊಲದ ಗುರುತನ್ನೂ ಹೇಳಿದೆ.

ವಿದ್ಯಾಗಿರಿ. ಮೂರು ಇಪ್ಪತ್ತು.

ಸಭಾಂಗಣದ ಬಾಗಿಲಲ್ಲಿ ಒಬ್ಬ ಪಟ್ಟಿ ಹಿಡಿದು ನಿಂತಿದ್ದ.

“ಟೀಮಿನ ಪಟ್ಟಿಯೊಳಗ ಐದ ಹೆಸರು ಅದಾವ್ರಿ. ನಿಮ್ದಿಲ್ಲ. ಪಟ್ಟಿಯೊಳಗ ಇಲ್ಲದಾವ್ರನ್ನ ಬಿಡಬ್ಯಾಡ ಅಂದಾರ.”

“ಆ ಮಷೀನ ಮಾಡಿದಾಕಿ ನಾನು!” ಅಂದಳು ಅನುರಾಧಾ.

“ಎಲ್ಲಾರೂ ಹಂಗ ಅಂತಾರ್ರಿ.”

ಅವಳ ತೋಳು ಹಿಡಿದು ಪಕ್ಕಕ್ಕೆ ಎಳೆದೆ. ಹಿಂದಿನ ಬಾಗಿಲಿಗೆ ಬಂದೆವು. ಅಲ್ಲಿ ಕಾವಲಿನವನಿದ್ದ, ಪಟ್ಟಿ ಇರಲಿಲ್ಲ. ನೂಲಿನ ಬುಟ್ಟಿ ಹೊತ್ತ ಹೆಂಗಸರು ಒಳಗೆ ಹೊರಗೆ ಓಡಾಡುತ್ತಿದ್ದರು. ಅವನು ಅವರ ಮುಖ ಕೂಡ ನೋಡುತ್ತಿರಲಿಲ್ಲ.

ಮೆಟ್ಟಿಲ ಮೇಲೆ ಐವತ್ತು ದಾಟಿದ ಹೆಂಗಸು ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಮಗಳನ್ನು ನೋಡಿ ಬಾಯಿ ನಿಲ್ಲಿಸಿದಳು. ಅವಳೇ ಮುತ್ತವ್ವ.

“ಉಂಡೀಯೇನು?” ಅಂತ ಮೊದಲು ಕೇಳಿದಳು. ಆಮೇಲೆ ಎಲ್ಲ ಕೇಳಿದಳು. ಎಲೆ ಉಗುಳಿ ಎದ್ದು ನಿಂತಳು.

“ನನ್ನ ಚೀಲದಾಗ ಎರಡು ಸೀರಿ ಅದಾವು. ಉಟ್ಕೋರಿ ಇಬ್ಬರೂ.”

ಹದಿನೈದು ವರ್ಷದ ಮೇಲೆ ಸೀರೆ ಉಟ್ಟೆ, ಪ್ಯಾಂಟಿನ ಮೇಲೆಯೇ! ಆಫ್ರೀನ ಗಾಡಿಯ ಬಳಿ ಉಳಿದಳು. ತಲೆ ತುಂಬ ಸೆರಗು ಹೊದ್ದು, ಬುಟ್ಟಿ ಹೊತ್ತು, ಕಾವಲಿನವನ ಮೂಗಿನ ಮುಂದೆಯೇ ಒಳಗೆ ಹೋದೆವು. ವೇದಿಕೆಯ ಕೆಳಗೆ ಹಾಸು ಹರಡಿತ್ತು. ಅದರ ಪಕ್ಕ ಕೂತೆವು. ಅನಿಲಕುಮಾರ ನಮ್ಮನ್ನು ದಾಟಿ ಎರಡು ಸಲ ಓಡಾಡಿದ. ಮೂರು ವರ್ಷ ದಿನಾ ನೋಡಿದ ಹುಡುಗಿ ಅವನಿಗೆ ಕಾಣಲಿಲ್ಲ.

ವೇದಿಕೆಯ ಮೇಲೆ ದೊಡ್ಡ ಬ್ಯಾನರ್. ತಂತ್ರಜ್ಞಾನದಲ್ಲಿ ಮಹಿಳೆಗೆ ಸಮಪಾಲು ಅಂತ ಬರೆದಿತ್ತು. ಅದರ ಕೆಳಗೆ ನಾಲ್ವರು ಗಂಡಸರ ಸಮಿತಿ. ಪಕ್ಕದಲ್ಲಿ ಕೋಟು ಹಾಕಿದ ಐವರು ಗಂಡು ಸಂಶೋಧಕರು. ಹೆಂಗಸರು ಇರಲೇ ಇಲ್ಲ ಅನ್ನಬೇಡಿ. ಇದ್ದರು! ಮೂವರು ಹುಡುಗಿಯರು ಹೂಗುಚ್ಛ ಹಿಡಿದು ನಿಂತಿದ್ದರು.

“ಏನು ಓದಾಕತ್ತೀಯವಾ?” ಅಂತ ಒಬ್ಬಳನ್ನು ಮೆಲ್ಲಗೆ ಕೇಳಿದೆ.

“ಎಂ.ಟೆಕ್ ರೀ,” ಅಂದಳು.

ಡೆಮೊ ಶುರುವಾಯಿತು. ಕ್ಯಾಮೆರಾ ಹಾಸಿನ ಮೇಲೆ ಓಡಿತು. ಪರದೆಯ ಮೇಲೆ ಹಸಿರು ಚುಕ್ಕೆಗಳು ಮೂಡಿದವು. ಹತ್ತು... ಐವತ್ತು... ಎಂಬತ್ತು...

ಅನಿಲಕುಮಾರ ಗುಂಡಿ ಒತ್ತಿ ನಿಲ್ಲಿಸಿಬಿಟ್ಟ.

“ಸಮಯದ ಅಭಾವದಿಂದ ಇಷ್ಟೇ ತೋರಿಸುತ್ತಿದ್ದೇವೆ. ಥ್ಯಾಂಕ್ ಯೂ!”

ಚಪ್ಪಾಳೆ ಬಿತ್ತು. ಸಮಿತಿಯ ಅಧ್ಯಕ್ಷರು ರಾಜಕುಮಾರ ಅಂತ, ನಿವೃತ್ತ ಪ್ರೊಫೆಸರ್. ಅವರ ಮುಂದೆ ಅರ್ಜಿ ಬಂತು. ಪೆನ್ನಿನ ಮುಚ್ಚಳ ತೆಗೆದರು...

“ಸಾಹೇಬ್ರ!”

ಮುತ್ತವ್ವ. ಕೂತಲ್ಲಿಂದಲೇ ಕೂಗಿದ್ದಳು.

“ಏನಮ್ಮಾ?”

“ನೂರು ಆಗ್ಲಿ ತಡೀರಿ. ನಾ ಮುಂಜಾನಿಂದ ಕುಂತು ಸಾವಿರ ಹಾಕೇನಿ. ನೀವು ಎಂಬತ್ತಕ್ಕ ಎದ್ದು ಹೊಂಟ್ರ ಹೆಂಗ್ರಿ?”

ಸಭೆ ನಕ್ಕಿತು. ರಾಜಕುಮಾರ ಕೂಡ ನಕ್ಕರು. ಪೆನ್ನು ಕೆಳಗಿಟ್ಟರು.

“ಸರಿಯಾಗೇ ಕೇಳ್ತಿದ್ದಾರೆ. ನಡೆಸಿ.”

“ಸರ್, ಟೈಮ್...”

“ನಡೆಸಿ ಅಂದೆ.”

ಎಂಬತ್ತೊಂದು... ತೊಂಬತ್ತು... ತೊಂಬತ್ತೊಂಬತ್ತು...

ಕೀಂಯ್! ಕೆಂಪು ದೀಪ. ಮಷೀನು ನಿಂತಿತು.

ಅನಿಲಕುಮಾರ ಬೆವರು ಒರೆಸಿಕೊಂಡ. “ಮಷೀನ್ ಕರೆಕ್ಟಾಗಿದೆ ಸರ್. ಕೂಲಿಯವರು ತಪ್ಪು ಕೊಂಡಿ ಹಾಕಿದ್ದಾರೆ. ಅದನ್ನೇ ಹಿಡಿದಿದೆ.”

ಮುತ್ತವ್ವ ಎದ್ದಳು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

“ತಪ್ಪು? ಮೂವತ್ತೈದು ವರ್ಷ ಆತು, ನನ್ನ ಕೊಂಡಿ ಬಿಚ್ಚೇತಿ ಅಂತ ಒಬ್ಬ ನೇಕಾರನೂ ಮನಿಗೆ ಬಂದಿಲ್ಲ. ಅದು ಜೋಡಿ ಕೊಂಡಿ! ನಮ್ಮ ಲೆಕ್ಕದ ಗುರುತು!”

ರಾಜಕುಮಾರ ಐವರ ಕಡೆ ತಿರುಗಿದರು.

“ಇದು ನಿಮಗೆ ಗೊತ್ತಿತ್ತಾ?”

ಐವರೂ ಒಬ್ಬರ ಮುಖ ಒಬ್ಬರು ನೋಡಿದರು.

“ಗೊತ್ತಿದ್ದವರು ಯಾರು?”

ಅನುರಾಧಾ ಸೆರಗು ಕೆಳಗಿಳಿಸಿದಳು.

“ನಾನ್ರಿ.”

“ಕಳ್ಳಿ! ಅಕಿ ಕಳ್ಳಿ!” ಅನಿಲಕುಮಾರ ಚೀರಿದ. “ಸೆಕ್ಯುರಿಟಿ! ಹಿಡೀರಿ ಅಕೀನ್ನ!”

ಇಬ್ಬರು ಕಾವಲಿನವರು ಓಡಿಬಂದರು. ನಾನು ಅಡ್ಡ ನಿಂತೆ. ಮೊದಲನೆಯವನ ಕೈ ಹಿಡಿದು ತಿರುವಿದೆ, ಅವನು ಬುಟ್ಟಿಯಲ್ಲಿ ಕೂತ. ಎರಡನೆಯವನು ನನ್ನ ಹಣೆಯ ರಕ್ತ ನೋಡಿದ, ಬುಟ್ಟಿಯಲ್ಲಿದ್ದವನನ್ನು ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ. ಬುದ್ಧಿವಂತ.

ನನ್ನ ಬೆನ್ನ ಹಿಂದೆ ಅನುರಾಧಾ ಹಳೆಯ ಬೋರ್ಡ್ ಕಿತ್ತು ತನ್ನದನ್ನು ಕೂರಿಸಿದಳು. ನಾಲ್ಕು ತಿರುಪು.

“ನೋಡ್ರಿ ಸರ್.”

ತೊಂಬತ್ತೊಂಬತ್ತು... ನೂರು! ಪರದೆಯ ಮೇಲೆ ನೀಲಿ ಚುಕ್ಕೆ. ನೂರೊಂದು... ಇನ್ನೂರು, ಇನ್ನೊಂದು ನೀಲಿ ಚುಕ್ಕೆ. ಮುನ್ನೂರ ಹನ್ನೆರಡಕ್ಕೆ ನಿಂತು ಕೂಗಿತು. ಮುತ್ತವ್ವ ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳಿನಿಂದ ಮುಟ್ಟಿ ನೋಡಿದಳು.

“ಖರೆ ಐತಿ. ಇದು ಸಡಿಲ ಆಗೇತಿ. ನನ್ನ ಕಣ್ಣಿಗೆ ಕಂಡಿರಲಿಲ್ಲವಾ...”

ಅವಳು ಮಗಳ ಕೈ ಹಿಡಿದಳು. ಸಭೆ ಈಗ ನಗುತ್ತಿರಲಿಲ್ಲ. ಹೂಗುಚ್ಛದ ಹುಡುಗಿಯರು ಹೂವನ್ನು ಮೇಜಿನ ಮೇಲೆ ಒಗೆದು ಚಪ್ಪಾಳೆ ತಟ್ಟಿದರು. ಆಮೇಲೆ ಉಳಿದವರು ತಟ್ಟಿದರು.

ಅನಿಲಕುಮಾರ ದನಿ ತಗ್ಗಿಸಿದ. ಜಾಣ ಅವನು.

“ಸರ್, ಒಂದು ಸಣ್ಣ ಮಿಸ್ಟೇಕ್ ಆಗಿದೆ. ಆರನೇ ಹೆಸರಾಗಿ ಸೇರಿಸಿಬಿಡೋಣ. ಟೀಮ್ ಸ್ಪಿರಿಟ್...”

“ಆರನೇದು ಬ್ಯಾಡ್ರಿ,” ಅಂದಳು ಅನುರಾಧಾ. ಮೇಜಿನ ಮೇಲಿನ ಪೆನ್ನು ಎತ್ತಿ ಐದೂ ಹೆಸರಿನ ಮೇಲೆ ಒಂದೇ ಗೆರೆ ಎಳೆದಳು. “ಮೊದಲನೇ ಹೆಸರು ಅನುರಾಧಾ. ಎರಡನೇದು ಮುತ್ತವ್ವ.”

ರಾಜಕುಮಾರ ಐವರ ಕಡೆ ನೋಡಿದರು. ಐವರೂ ಒಬ್ಬೊಬ್ಬರಾಗಿ ವೇದಿಕೆ ಇಳಿದರು. ಆಗ ಅವರು ಹೊಸ ಫಾರಂ ತರಿಸಿದರು. ತಾವೇ ಬರೆಯತೊಡಗಿದರು.

“ಮುತ್ತವ್ವನವರ ವಿದ್ಯಾರ್ಹತೆ?”

“ಮೂರನೇತ್ತೆ ರೀ. ಅಲ್ಲಿಂದ ಮುಂದ ಕೊಂಡಿ.”

ಹಾಗೇ ಬರೆದರು. ಸಹಿ ಬಿತ್ತು. ಮೂರು ಐವತ್ತೆರಡು.

ನನ್ನ ಫೋನು ಅದುರಿತು. ಹಳೆಯ ಠಾಣೆ. ಎರೆ ಹೊಲದಿಂದ ನಾಗಲಿಂಗನನ್ನು ಹಗ್ಗ ಹಾಕಿ ಎಳೆದಿದ್ದರು. ಮೊದಲ ಪ್ರಶ್ನೆಗೇ ತನ್ನ ಯಜಮಾನನ ಹೆಸರು ಹೇಳಿದ್ದ. ನಮ್ಮ ಪೊಲೀಸ್ ಜೀಪು ಹೊರಟಿದೆ, ಅನಿಲಕುಮಾರನನ್ನು ಅಲ್ಲೇ ಹಿಡಿದಿಡಿ ಅಂದರು. ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

ಅವನಿಗೆ ಅದು ಗೊತ್ತಿರಲಿಲ್ಲ. ಅವನು ಇನ್ನೂ ಅಧ್ಯಕ್ಷರ ಕಿವಿ ಕಚ್ಚುತ್ತಿದ್ದ.

“ಸರ್, ಇಬ್ಬರೂ ಲೇಡೀಸ್ ಆದರೆ ಹೇಗೆ? ಟೆಕ್ನಿಕಲ್ ವಿಷಯ... ಬ್ಯಾಲೆನ್ಸ್‌ಗಾದರೂ ಒಬ್ಬ ಗಂಡಸಿನ ಹೆಸರು ಬೇಡವೇ?”

ರಾಜಕುಮಾರ ಬಾಯಿ ತೆರೆಯುವ ಮೊದಲೇ ಮುತ್ತವ್ವ ನೂಲಿನ ಉಂಡೆ ಅವನ ಮುಂದೆ ಇಟ್ಟಳು.

“ಬರ್ಲಿ ಬಿಡ್ರಿ, ಯಾಕ ಬ್ಯಾಡ? ಕುಂದರಪ್ಪಾ. ನೂರು ಕೊಂಡಿ ಹಾಕು. ನಿನ್ನ ಹೆಸರು ನಾನ ಬರಸ್ತೇನಿ.”

ಇಡೀ ಸಭೆ ನೋಡುತ್ತಿತ್ತು. ಬಾಗಿಲಲ್ಲಿ ನಾನಿದ್ದೆ. ಅವನು ಕೋಟು ಬಿಚ್ಚಿ ನೆಲದ ಮೇಲೆ ಕೂತ.

ಪೊಲೀಸ್ ಜೀಪು ಬರುವಷ್ಟರಲ್ಲಿ ಒಂಬತ್ತು ಎಳೆ ಹರಿದಿದ್ದ... ಕೊಂಡಿ ಮಾತ್ರ ಒಂದೂ ಆಗಿರಲಿಲ್ಲ!